ಮಿನೆಸೋಟಾದಲ್ಲಿ ಲೇಕ್ ಕ್ಯಾಬಿನ್: ಅಪ್ಪ ಅಮ್ಮ ಮಕ್ಕಳನ್ನ ಕಟ್ಕೊಂಡು ಒಂದು ವಾರ ಹೋಗೋದು ಹೇಗೆ

ಊರಿಂದ ಅಪ್ಪ ಅಮ್ಮ ಬಂದಿದಾರೆ, ಮಕ್ಕಳಿಗೆ ಸ್ಕೂಲ್ ರಜೆ, ನಯಾಗರ ಆಯ್ತು, ಚಿಕಾಗೋ ಆಯ್ತು, ಇನ್ನೆಲ್ಲಿಗೆ ಕರ್ಕೊಂಡು ಹೋಗೋದು ಅಂತ ಮಿನಿಯಾಪೊಲಿಸ್ ಕಡೆ ಇರೋ ನಮ್ಮವರು ಪ್ರತಿ ಬೇಸಿಗೇಲೂ ಕೇಳ್ತಾನೇ ಇರ್ತಾರೆ. ನಾನು ಹೇಳೋದು ಒಂದೇ, ಉತ್ತರದ ಕಡೆ ಯಾವ್ದಾದ್ರೂ ಹಳೇ ಲೇಕ್ ರೆಸಾರ್ಟಲ್ಲಿ ಒಂದು ಕ್ಯಾಬಿನ್ ಹಿಡೀರಿ, ಒಂದು ವಾರ ಅಲ್ಲೇ ಇದ್ದುಬಿಡಿ. ರೆಸಾರ್ಟ್ ಅಂದ ತಕ್ಷಣ ಬಫೆ, ರೂಮ್ ಸರ್ವೀಸು, ಸ್ಪಾ ಅಂತೆಲ್ಲ ಅನ್ಕೋಬೇಡಿ. ಇವು ಸಾಮಾನ್ಯವಾಗಿ ಒಂದೇ ಮನೆಯವರು ನಡೆಸೋ ಜಾಗಗಳು, ಲೇಕ್ ದಂಡೇಲಿ ಸಾಲಾಗಿ ಎಂಟೋ ಹತ್ತೋ ಮರದ ಮನೆ, ಒಳಗೆ ಗೋಡೆ ಪೂರ್ತಿ ಗಂಟು ಗಂಟು ಕಾಣೋ ಪೈನ್ ಹಲಗೆ, ಚಿಕ್ಕ ಅಡುಗೆಮನೆ, ಎರಡು ಮೂರು ಬೆಡ್‌ರೂಮು, ಎಲ್ಲರಿಗೂ ಸೇರಿ ಒಂದೇ ಬಾತ್‌ರೂಮು, ಮುಂದೆ ಡಾಕು, ಅಂದ್ರೆ ದಡದಿಂದ ನೀರಿನ ಮೇಲಕ್ಕೆ ಚಾಚಿರೋ ಹಲಗೆ ಕಟ್ಟೆ, ಡಾಕಿಗೆ ಕಟ್ಟಿರೋ ಅಲ್ಯೂಮಿನಿಯಂ ದೋಣಿ. ಅಡುಗೆ ನಿಮ್ಮದೇ, ಪಾತ್ರೆ ತೊಳೆಯೋದು ನಿಮ್ಮದೇ, ಹೋಗ್ತಾ ಗುಡಿಸಿ ಹೋಗೋದೂ ನಿಮ್ಮದೇ. ಗಾಲ್ಫ್ ಕೋರ್ಸು ರೆಸ್ಟೋರೆಂಟು ಎಲ್ಲ ಇರೋ ದೊಡ್ಡ ರೆಸಾರ್ಟುಗಳೂ ಇವೆ, ಬ್ರೇನರ್ಡ್ ಕಡೆ ಬೇಕಾದಷ್ಟು, ಆದ್ರೆ ಅಲ್ಲಿಗೆ ಹೋಗಿ ಹೋಟೆಲ್ ರೂಮಲ್ಲಿ ಎಸಿ ಹಾಕ್ಕೊಂಡು ಮಲಗೋದಾದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು ಹೇಳಿ.

ಬುಕಿಂಗ್ ವಿಷ್ಯ ಮೊದ್ಲು. ಬೇಸಿಗೇಲಿ ಬಹಳ ಕಡೆ ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡೋದು, ಎರಡು ದಿನಕ್ಕೆ ಅಂತ ಕೇಳಿದ್ರೆ ಇಲ್ಲ ಅಂತಾರೆ. ಮಧ್ಯಾಹ್ನ ಮೂರು ನಾಲ್ಕಕ್ಕೆ ಒಳಗೆ, ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆಲ್ಲ ಖಾಲಿ ಮಾಡ್ಬೇಕು. ಇನ್ನೊಂದು ಪದ್ಧತಿ ಗೊತ್ತಿರ್ಲಿ, ಈ ವರ್ಷ ಬಂದವರಿಗೆ ಮುಂದಿನ ವರ್ಷ ಅದೇ ವಾರ ಅದೇ ಕ್ಯಾಬಿನ್ ಮೊದಲ ಹಕ್ಕು. ಅಜ್ಜನ ಕಾಲದಿಂದ ಒಂದೇ ವಾರ ಹಿಡ್ಕೊಂಡಿರೋ ಕುಟುಂಬಗಳಿವೆ, ಹಾಗಾಗಿ ಜುಲೈ 4ರ ಸ್ವಾತಂತ್ರ್ಯ ದಿನದ ವಾರ ಸಿಗತ್ತೆ ಅಂತ ಆಸೆ ಇಟ್ಕೋಬೇಡಿ. ವೆಬ್‌ಸೈಟಲ್ಲಿ ಎಲ್ಲ ಫುಲ್ ಅಂತ ತೋರಿಸಿದ್ರೂ ಜನವರಿ ಫೆಬ್ರವರೀಲಿ ಫೋನ್ ಮಾಡಿ, ಯಾರಾದ್ರೂ ಬಿಟ್ಟುಕೊಟ್ಟ ವಾರ ಇರತ್ತೆ, ಓನರ್ರೇ ಫೋನ್ ಎತ್ತೋದು, ಚೆನ್ನಾಗಿ ಮಾತಾಡ್ತಾರೆ. ಹೊಸಬರಿಗೆ ನನ್ನ ಸಲಹೆ ಆಗಸ್ಟ್ ಮೂರನೇ ವಾರ. ಜೂನಲ್ಲಿ ನೀರು ಇನ್ನೂ ತಣ್ಣಗೆ ಕೊರೆಯತ್ತೆ, ಸೊಳ್ಳೆ ಕಾಟ ಬೇರೆ ಜಾಸ್ತಿ. ಆಗಸ್ಟಲ್ಲಿ ನೀರು ಬೆಚ್ಚಗಿರತ್ತೆ, ಸೊಳ್ಳೆ ಇಳಿದಿರತ್ತೆ, ಸ್ಕೂಲ್ ಶುರುವಾಗೋ ಹೊತ್ತಾದ್ದರಿಂದ ಇಲ್ಲಿನ ಜನ ಕಮ್ಮಿ, ಕೆಲವು ಕಡೆ ರೇಟೂ ಇಳಿಸಿರ್ತಾರೆ.

ಯಾವ ಲೇಕು ಅನ್ನೋದು ಮುಂದಿನ ತಲೆನೋವು. ನಂಬರ್ ಪ್ಲೇಟಲ್ಲಿ ಹತ್ತು ಸಾವಿರ ಲೇಕು ಅಂತಿರತ್ತೆ, ಹತ್ತು ಎಕರೆಗಿಂತ ದೊಡ್ಡವನ್ನ ಎಣಿಸಿದ್ರೇ 11,842 ಅಂತ ಡಿಎನ್‌ಆರ್, ಅಂದ್ರೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಲೆಕ್ಕ. ಅಪ್ಪ ಅಮ್ಮ ಜೊತೇಲಿದ್ರೆ ಬ್ರೇನರ್ಡ್, ನಿಸ್ವಾ ಸುತ್ತಮುತ್ತ ಸುಲಭ, ಎರಡೂವರೆ ಗಂಟೇಲಿ ಮುಟ್ತೀರಿ. ಆದ್ರೆ ಆ ಕಡೆ ಗದ್ದಲ ಜಾಸ್ತಿ, ಜೆಟ್‌ಸ್ಕೀ ಸದ್ದು ತಪ್ಪಲ್ಲ. ನನ್ನ ಕೇಳಿದ್ರೆ ಇನ್ನೊಂದು ಗಂಟೆ ಮುಂದೆ ಹೋಗಿ ಪಾರ್ಕ್ ರ್ಯಾಪಿಡ್ಸ್ ಅಥವಾ ವಾಕರ್ ಕಡೆ ನೋಡಿ. ಈಲಿ, ಬೌಂಡರಿ ವಾಟರ್ಸ್ ಎಲ್ಲ ಕನೂ (ಹುಟ್ಟು ಹಾಕೋ ಸಣ್ಣ ದೋಣಿ) ಹೊಡೆಯೋ ಹುಡುಗರಿಗೆ, ಮಂಡಿ ನೋವಿರೋ ಅಮ್ಮನಿಗಲ್ಲ. ಲೇಕ್ ಹೆಸರು ಸಿಕ್ಕಿದ ಮೇಲೆ ಡಿಎನ್‌ಆರ್‌ನ ಲೇಕ್‌ಫೈಂಡರ್ ತೆಗೆದು ಆ ಹೆಸರು ಹಾಕಿ ನೋಡಿ, ಆಳ ಎಷ್ಟು, ನೀರು ಎಷ್ಟು ತಿಳಿ, ಯಾವ ಯಾವ ಮೀನು ಇದೆ, ಆಳದ ಮ್ಯಾಪು ಎಲ್ಲ ಫ್ರೀಯಾಗಿ ಸಿಗತ್ತೆ. ದಡದಿಂದ ತುಂಬ ದೂರದ ತನಕ ಆಳ ಕಮ್ಮಿ ಇದ್ರೆ ಚಿಕ್ಕ ಮಕ್ಕಳಿಗೆ ಒಳ್ಳೇದು.

ಫೋನಲ್ಲಿ ಮಾತಾಡುವಾಗ ಇಷ್ಟು ಕೇಳಲೇಬೇಕು. ಬೀಚಲ್ಲಿ ಕೆಳಗೆ ಮರಳಾ, ಕೆಸರಾ, ಜೊಂಡಾ? ಕ್ಯಾಬಿನ್‌ನಿಂದ ನೀರಿಗೆ ಎಷ್ಟು ಮೆಟ್ಟಿಲು? ಫೋಟೋದಲ್ಲಿ ಸಪಾಟಾಗಿ ಕಾಣತ್ತೆ, ಹೋಗಿ ನೋಡಿದ್ರೆ ನಲವತ್ತು ಮೆಟ್ಟಿಲು ಇಳೀಬೇಕು, ಆಮೇಲೆ ಅಪ್ಪಾಜಿ ಕ್ಯಾಬಿನಲ್ಲೇ ಕೂತು ಪೇಪರ್ ಓದ್ಕೊಂಡೇ ವಾರ ಕಳೀತಾರೆ. ಬೆಡ್‌ಶೀಟು ಟವೆಲು ಕೊಡ್ತಾರಾ ನಾವೇ ತರಬೇಕಾ? ದೋಣಿ ಬಾಡಿಗೆಯೊಳಗೇ ಸೇರಿದ್ಯಾ, ಮೋಟರ್‌ಗೆ ಬೇರೆ ದುಡ್ಡಾ? ಸಾಮಾನ್ಯವಾಗಿ ದೋಣಿ ಫ್ರೀ ಇದ್ದು ಮೋಟರ್ ಪೆಟ್ರೋಲು ಎಕ್ಸ್‌ಟ್ರಾ ಇರತ್ತೆ. ಒಲೆ ಗ್ಯಾಸಾ, ಕರೆಂಟ್ ಕಾಯಿಲ್ಲಾ? ವೈಫೈ ಕ್ಯಾಬಿನ್‌ಗೂ ಬರತ್ತಾ, ಬರೀ ಆಫೀಸ್ ಇರೋ ಲಾಡ್ಜ್ ಹತ್ರಾನಾ? ಡೆಪಾಸಿಟ್ ವಾಪಸ್ ಬರೋ ರೂಲ್ಸು ಏನು? ಇದನ್ನ ಇಮೇಲಲ್ಲಿ ಬರೆಸ್ಕೊಳ್ಳಿ.

ಇನ್ನು ಅಡುಗೆಮನೆ, ಇದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ವಾರ ಪೂರ್ತಿ ನಿಂತಿರೋದೇ ಇದರ ಮೇಲೆ. ಕ್ಯಾಬಿನಲ್ಲಿ ಬಾಣಲೆ, ಪಾತ್ರೆ, ತಟ್ಟೆ, ಕಾಫಿ ಮೇಕರು ಇರತ್ತೆ, ಕುಕ್ಕರ್ ಇರಲ್ಲ. ಮೂರು ಲೀಟರಿಂದು ಒಂದು ಒಯ್ಯಿರಿ. ಹಳೇ ಕಾಯಿಲ್ ಒಲೆ ಬಿಸಿಯಾಗೋದೂ ನಿಧಾನ ಆರೋದೂ ನಿಧಾನ, ಮೂರು ವಿಷಲ್ ಆದ್ಮೇಲೆ ಸ್ವಿಚ್ ತಿರುಗಿಸಿ ಕೂತ್ರೆ ಆಗಲ್ಲ, ಕುಕ್ಕರನ್ನ ಎತ್ತಿ ಪಕ್ಕಕ್ಕೆ ಇಡ್ಬೇಕು, ಇಲ್ಲಾಂದ್ರೆ ಅನ್ನ ತಳ ಹಿಡಿಯತ್ತೆ. ಒಗ್ಗರಣೆ ಹಾಕೋಕೆ ಮುಂಚೆ ಕಿಟಕಿ ಎಲ್ಲ ತೆಗೀರಿ, ಚಿಮಣಿ ಇಲ್ಲದ ಮನೇಲಿ ಒಣಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಹೊಡ್ಕೊಳ್ಳತ್ತೆ, ಪಕ್ಕದ ಕ್ಯಾಬಿನ್‌ನವರು ಓಡಿ ಬರ್ತಾರೆ. ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ರವೆ, ಫಿಲ್ಟರು ಕಾಫಿಪುಡಿ, ಉಪ್ಪಿನಕಾಯಿ ಎಲ್ಲ ಸಿಟೀಲೇ ತುಂಬಿಸ್ಕೊಳ್ಳಿ. ಅಲ್ಲಿನ ಅಂಗಡೀಲಿ ಹಾಲು, ಈರುಳ್ಳಿ, ಆಲೂಗಡ್ಡೆ, ಬ್ರೆಡ್ಡು ಸಿಗತ್ತೆ, ಕೊತ್ತಂಬರಿ ಸೊಪ್ಪೂ ಸಿಗಬಹುದು, ಕರಿಬೇವು ಮಾತ್ರ ಮರೆತುಬಿಡಿ. ದೋಸೆ ಹಿಟ್ಟನ್ನ ಐಸ್ ಬಾಕ್ಸಲ್ಲಿ ಒಯ್ದ್ರೆ ಮೊದಲ ಎರಡು ಬೆಳಗಿನ ಚಿಂತೆ ಇಲ್ಲ, ಡಬ್ಬಿ ಪೂರ್ತಿ ತುಂಬಿಸ್ಬೇಡಿ ಅಷ್ಟೇ, ಉಕ್ಕಿ ಬಂದ್ರೆ ಕಾರು ವಾರಗಟ್ಟಲೆ ಹುಳಿ ವಾಸನೆ. ನೀರು ಬೋರ್‌ವೆಲ್‌ದು, ಕೆಲವು ಕಡೆ ಕಬ್ಬಿಣದ ವಾಸನೆ ಇರತ್ತೆ, ಕಾಫಿಗೆ ಒಗ್ಗಲ್ಲ, ಕುಡಿಯೋಕೆ ಎರಡು ಕ್ಯಾನ್ ಇರ್ಲಿ. ಬಾತ್‌ರೂಮಿಗೆ ಒಂದು ಚೊಂಬು ಒಯ್ಯೋದನ್ನ ನಾನು ಬಿಡಿಸಿ ಹೇಳ್ಬೇಕಾಗಿಲ್ಲ ಅನ್ಸತ್ತೆ. ಹಾಂ, ಅಲ್ಲಿ ಸೆಪ್ಟಿಕ್ ಟ್ಯಾಂಕು, ಡೈಪರ್ ವೈಪ್ಸ್ ಯಾವುದನ್ನೂ ಒಳಗೆ ಹಾಕ್ಬೇಡಿ.

ಬಟ್ಟೆ ವಿಷಯಕ್ಕೆ, ಜುಲೈ ಅಂದ್ರೂ ರಾತ್ರಿ ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯೋದುಂಟು, ಅಪ್ಪಂಗೆ ಸ್ವೆಟರು ಮಂಕಿ ಕ್ಯಾಪು ಇಟ್ಕೊಳ್ಳಿ, ನಗಾಡಿದವರು ಆಮೇಲೆ ಕೇಳ್ಕೊಂಡು ಹಾಕ್ಕೋತಾರೆ. ನೀರಿಗಿಳಿಯೋಕೆ ವಾಟರ್ ಶೂಸು ಬೇಕು, ಬಹಳ ಲೇಕುಗಳಲ್ಲಿ ಈಗ ಜೀಬ್ರಾ ಮಸಲ್ ಅನ್ನೋ ಚಿಪ್ಪು ಹುಳ ಸೇರ್ಕೊಂಡಿದೆ, ಬರಿಗಾಲಲ್ಲಿ ತುಳಿದ್ರೆ ಬ್ಲೇಡ್ ಥರ ಕುಯ್ಯತ್ತೆ. ನೀರಿಂದ ಮೇಲೆ ಬಂದ ತಕ್ಷಣ ಮಕ್ಕಳ ಮೈ ಟವೆಲಲ್ಲಿ ಗಟ್ಟಿಯಾಗಿ ಒರೆಸಿಬಿಡಿ, ಹಾಗೇ ಒಣಗೋಕೆ ಬಿಟ್ರೆ ಸ್ವಿಮ್ಮರ್ಸ್ ಇಚ್ ಅಂತ ಕೆಂಪು ಗಂಧೆ ಏಳತ್ತೆ. ಹುಲ್ಲಲ್ಲಿ ಕಾಡಲ್ಲಿ ಓಡಾಡಿ ಬಂದ್ರೆ ಪ್ರತಿ ರಾತ್ರಿ ಉಣ್ಣಿ ನೋಡ್ಬೇಕು, ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ, ತಲೆಕೂದಲ ಬುಡ. ಜಿಂಕೆ ಉಣ್ಣಿ ಎಳ್ಳಿನಷ್ಟೇ ಇರತ್ತೆ, ಲೈಮ್ ಕಾಯಿಲೆ ತರೋದು ಅದೇ. ಚಿಮುಟದಲ್ಲಿ ಚರ್ಮದ ಹತ್ರಾನೇ ಹಿಡಿದು ನೇರವಾಗಿ ಎಳೀಬೇಕು, ಹಿಂಡಬಾರ್ದು, ಬೆಂಕಿ ಕಡ್ಡಿ ಗಿಡ್ಡಿ ಎಲ್ಲ ಬೇಡ. ಸೊಳ್ಳೆಗೆ ಡೀಟ್ ಇರೋ ಸ್ಪ್ರೇ. ಇನ್ನು ಜಿಗಣೆ, ಮಲೆನಾಡಿನವರಾದ್ರೆ ಇಂಬಳ ನೋಡಿ ಬೆಳೆದಿರ್ತೀರಿ, ಉಪ್ಪು ಹಾಕಿದ್ರೆ ಬಿಡತ್ತೆ ಅಂತ ಗೊತ್ತು. ಇಲ್ಲಿ ತಮಾಷೆ ಏನಂದ್ರೆ ಅದನ್ನೇ ಡಬ್ಬಿಯಲ್ಲಿಟ್ಟು ಡಜನ್ ಲೆಕ್ಕದಲ್ಲಿ ಮಾರ್ತಾರೆ, ವಾಲೈ ಮೀನಿಗೆ ಎರೆ.

ಮೀನು ಹಿಡಿಯೋಕೆ 16 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು, ಊರಿಂದ ಬಂದ ಅಪ್ಪನಿಗೂ ಸೇರಿ. ಡಿಎನ್‌ಆರ್ ಸೈಟಲ್ಲೋ ಎರೆ ಮಾರೋ ಅಂಗಡೀಲೋ ತಗೋಬಹುದು, ಹೊರಗಿನವರಿಗೆ ಒಂದು ದಿನದ್ದು, ಮೂರು ದಿನದ್ದು, ಏಳು ದಿನದ್ದು ಇದೆ. ಮಕ್ಕಳಿಗೆ ವಾಲೈ ಗೀಲೈ ಬೇಡ, ಅದು ಕತ್ತಲಾಗೋ ಹೊತ್ತಿಗೆ ತಾಳ್ಮೆಯಿಂದ ಕೂತು ಹಿಡಿಯೋ ಮೀನು. ಡಾಕಿನ ಕೆಳಗಿನ ನೆರಳಲ್ಲಿ ಸನ್‌ಫಿಶ್ ಗುಂಪಾಗಿ ನಿಂತಿರತ್ತೆ, ಅಂಗೈಯಷ್ಟು ಅಗಲ, ಹೊಟ್ಟೆ ಕಿತ್ತಳೆ ಬಣ್ಣ. ಚಿಕ್ಕ ಗಾಳ, ಅದಕ್ಕೆ ಬೆರಳುಗೆಣ್ಣಷ್ಟು ಎರೆಹುಳದ ತುಂಡು, ಎರಡಡಿ ಮೇಲೆ ನೀರಲ್ಲಿ ತೇಲೋ ಕೆಂಪು ಬಿಳಿ ಬುರುಡೆ, ಅದೇ ಬಾಬರ್ರು, ಅಷ್ಟು ಸಾಕು. ಬಾಬರ್ ಮೊದ್ಲು ಎರಡು ಸಲ ನಡುಗತ್ತೆ, ಆಗ ಎಳೀಬಾರ್ದು, ಪೂರ್ತಿ ಮುಳುಗಿದಾಗ ಸುಮ್ನೆ ಕೋಲನ್ನ ಮೇಲಕ್ಕೆತ್ತಿದ್ರೆ ಆಯ್ತು. ಮನೇಲಿ ಮೀನು ಮಾಂಸ ಇಲ್ಲದವರು ಹಿಡಿಯೋದೇ ಬೇಡ ಅಂತ ಬಿಟ್ರೂ ಪರವಾಗಿಲ್ಲ, ಬಿಡೋಕೇ ಹಿಡಿಯೋದು ನನಗೂ ಅಷ್ಟು ಸರಿ ಕಾಣಲ್ಲ. ತಿನ್ನೋರು ಮೀನನ್ನ ಕ್ಯಾಬಿನ್ ಸಿಂಕಲ್ಲಿ ಕೊಯ್ಯಬಾರ್ದು, ಅದಕ್ಕಂತಲೇ ಜಾಲರಿ ಹಾಕಿದ ಪುಟ್ಟ ಮನೆ ಇರತ್ತೆ. ಸಸ್ಯಾಹಾರಿ ಅತ್ತೆ ಮಾವ ಬರ್ತಿದ್ರೆ ನಿಮ್ಮದೇ ಒಂದು ಬಾಣಲೆ ಒಯ್ಯೋದು ಒಳ್ಳೇದು, ಅಲ್ಲಿನ ಬಾಣಲೇಲಿ ಮೊದಲು ಹುರಿದಿರೋದೆಲ್ಲ ಮೀನೇ.

ದೋಣಿ ಬಗ್ಗೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ದೋಣಿ ಓಡ್ತಿರುವಾಗ ಲೈಫ್ ಜಾಕೆಟ್ ಕಾನೂನು, ನಮ್ಮ ಜನಕ್ಕೆ ಈಜು ಬರೋದು ಕಮ್ಮಿ, ಎಲ್ಲರೂ ಹಾಕ್ಕೊಳ್ಳಿ, ಸೀರೆ ಮೇಲೂ ಆಗತ್ತೆ. ಹಿಂದೆ ಕೂತು ಕೈಯಲ್ಲಿ ಹಿಡಿಯೋ ಮೋಟರಾದ್ರೆ ಹಿಡಿ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ಹೋಗತ್ತೆ, ಮೊದಲ ಹತ್ತು ನಿಮಿಷ ತಲೆ ಕೆಡತ್ತೆ, ಖಾಲಿ ಜಾಗದಲ್ಲಿ ನಿಧಾನಕ್ಕೆ ರೂಢಿ ಮಾಡ್ಕೊಂಡು ಆಮೇಲೆ ಡಾಕಿಗೆ ಬನ್ನಿ. ಹುಡುಗರ ಕೈಗೆ ಮೋಟರ್ ಕೊಡೋದಾದ್ರೆ ವಯಸ್ಸು ಪರ್ಮಿಟ್ಟು ಎಲ್ಲ ಮೊದ್ಲು ನೋಡ್ಕೊಳ್ಳಿ. ವಯಸ್ಸಾದವರಿಗೆ ಈ ಅಲ್ಲಾಡೋ ದೋಣಿ ಬೇಡ, ಅರ್ಧ ದಿನಕ್ಕೆ ಪಾಂಟೂನ್ ಬಾಡಿಗೆಗೆ ತಗೊಳ್ಳಿ, ಮಟ್ಟಸವಾದ ನೆಲ, ಸುತ್ತ ಕಟಾಂಜನ, ಸೋಫಾ, ಮೇಲೆ ನೆರಳು, ಫ್ಲಾಸ್ಕಲ್ಲಿ ಕಾಫಿ, ಡಬ್ಬೀಲಿ ಚಕ್ಲಿ. ಗುಡುಗು ಕೇಳಿಸಿದ್ರೆ ಮಾತ್ರ ಇನ್ನೊಂದು ರೌಂಡು ಅನ್ನದೆ ದಡಕ್ಕೆ ತಿರುಗಿಸಿ.

ಇಡೀ ವಾರಕ್ಕೆ ಪ್ಲಾನ್ ಹಾಕೋ ಖಾಯಿಲೆ ನಮಗೆ ಜಾಸ್ತಿ. ಒಂದು ದಿನ, ಹೆಚ್ಚಂದ್ರೆ ಎರಡು ದಿನ ಹೊರಗೆ ಸುತ್ತಿ ಸಾಕು. ಪಾರ್ಕ್ ರ್ಯಾಪಿಡ್ಸ್ ಕಡೆ ಇದ್ರೆ ಅರ್ಧ ಗಂಟೆ ದೂರದ ಇಟಾಸ್ಕಾ ಸ್ಟೇಟ್ ಪಾರ್ಕು ತಪ್ಪಿಸ್ಬೇಡಿ, 1891ರಲ್ಲಿ ಆಗಿದ್ದು, ಮಿಸ್ಸಿಸಿಪ್ಪಿ ನದಿ ಹುಟ್ಟೋದು ಅಲ್ಲೇ. ಅಮ್ಮಂಗೆ ಇದು ಇಲ್ಲಿನ ತಲಕಾವೇರಿ ಅಂದ್ರೆ ಸಾಕು, ಬೆಳಿಗ್ಗೆ ಸ್ನಾನ ಮಾಡಿ ರೆಡಿ. ಲೇಕಿಂದ ನೀರು ಹೊರಗೆ ಬೀಳೋ ಕಡೆ ಕಲ್ಲು ಸಾಲಾಗಿ ಇಟ್ಟಿದಾರೆ, ಅದರ ಮೇಲೆ ಹೆಜ್ಜೆ ಇಟ್ಟು ನದೀನೇ ದಾಟಬಹುದು, ಪಕ್ಕದ ಮರದ ಕಂಬದಲ್ಲಿ ಇಲ್ಲಿಂದ 2,552 ಮೈಲಿ ಹರಿದು ಗಲ್ಫ್ ಆಫ್ ಮೆಕ್ಸಿಕೋ ಸೇರತ್ತೆ ಅಂತ ಬರೆದಿದೆ. ಕಲ್ಲು ಪಾಚಿ ಕಟ್ಟಿ ಜಾರತ್ತೆ, ದೊಡ್ಡವರನ್ನ ಕಲ್ಲಿನ ಮೇಲೆ ಹತ್ತಿಸ್ಬೇಡಿ, ಪಕ್ಕದಲ್ಲೇ ಮಂಡಿಗಿಂತ ಕೆಳಗಿನ ನೀರಲ್ಲಿ ಕೈ ಹಿಡಿದು ದಾಟಿಸಿ. ನಿಸ್ವಾ ಹತ್ರ ಇದ್ರೆ ಬೇಸಿಗೇಲಿ ಬುಧವಾರ ಆಮೆ ಓಟದ ಸ್ಪರ್ಧೆ ಇರತ್ತೆ, ಮಕ್ಕಳು ಹುಚ್ಚೆದ್ದು ಹೋಗ್ತಾರೆ. ಬೆಮಿಜಿಯಲ್ಲಿ ಇಲ್ಲಿನ ಕಥೆಗಳಲ್ಲಿ ಬರೋ ದೈತ್ಯ ಮರ ಕಡಿಯೋನು ಪಾಲ್ ಬನ್ಯನ್ ಮತ್ತು ಅವನ ನೀಲಿ ಎತ್ತಿನ 1937ರ ಪ್ರತಿಮೆ, ಐದು ನಿಮಿಷದ ಫೋಟೋ, ಅದಕ್ಕಂತಲೇ ಹೋಗ್ಬೇಡಿ.

ಉಳಿದ ದಿನ ಏನು ಮಾಡೋದು ಅಂದ್ರೆ ಏನೂ ಇಲ್ಲ, ಡಾಕ್ ಮೇಲೆ ಕಾಲಿಳಿಬಿಟ್ಟು ಕೂರೋದು, ಇಸ್ಪೀಟು, ಚೌಕಾಬಾರ. ಜೂನ್ ಕೊನೇಲಿ ಬೆಳಕು ರಾತ್ರಿ ಒಂಬತ್ತು ದಾಟೋ ತನಕ ಇರತ್ತೆ, ಮಕ್ಕಳು ಮಲಗಲ್ಲ. ಸಂಜೆ ಕ್ಯಾಂಪ್‌ಫೈರಿಗೆ ಸೌದೆ ಮನೆಯಿಂದ ಒಯ್ಯಬೇಡಿ, ಆ್ಯಶ್ ಮರ ಕೊಲ್ಲೋ ಹುಳ ಸೌದೆ ಜೊತೆ ಊರೂರು ಹರಡತ್ತೆ ಅಂತ, ಅಲ್ಲೇ ಕಟ್ಟು ಲೆಕ್ಕದಲ್ಲಿ ಕೊಳ್ಳಿ. ಮಾರ್ಷ್‌ಮ್ಯಾಲೋ ಅಮ್ಮನಿಗೆ ಸೇರಲ್ಲ, ಜಿಲಾಟಿನ್ ಬೇರೆ ಇರತ್ತೆ, ಆಗಸ್ಟಾದ್ರೆ ರಸ್ತೆ ಬದಿ ತಾಜಾ ಸ್ವೀಟ್ ಕಾರ್ನ್ ಮಾರ್ತಾರೆ, ಕೆಂಡದಲ್ಲಿ ಸುಟ್ಟು ನಿಂಬೆಹಣ್ಣು ಉಪ್ಪು ಖಾರ ಉಜ್ಜಿ ಕೊಡಿ. ರಾತ್ರಿ ಲೂನ್ ಹಕ್ಕಿ ಕೂಗತ್ತೆ ಅಂತ ಮನೆಯವರಿಗೆ ಮೊದಲೇ ಹೇಳಿಡಿ, ಯಾರೋ ಅಳ್ತಿದಾರೆ ಅನ್ನೋ ಥರ ಇರತ್ತೆ, ಇಲ್ಲಾಂದ್ರೆ ಅಜ್ಜಿ ಎದ್ದು ಲೈಟೆಲ್ಲ ಹಾಕಿ ಕೂರ್ತಾರೆ. ಹತ್ತರ ಮೇಲೆ ಗಲಾಟೆ ಮಾಡಬಾರ್ದು, ನೀರಿನ ಮೇಲೆ ಮಾತು ಬಹಳ ದೂರ ಕೇಳಿಸತ್ತೆ.

ಶುಕ್ರವಾರ ರಾತ್ರಿಯೇ ಪೆಟ್ರೋಲು, ಪಾಂಟೂನ್, ಸೌದೆ ಬಿಲ್ಲೆಲ್ಲ ಚುಕ್ತಾ ಮಾಡಿ, ಮುಂದಿನ ವರ್ಷ ಅದೇ ವಾರ ಬೇಕಾ ಬೇಡ್ವಾ ಅಂತ ಆಗಲೇ ಹೇಳಿಬಿಡಿ. ವಾಪಸ್ ಬರ್ತಾ ವಾಕರ್ ಕಡೆಯಿಂದ ಬಂದ್ರೆ ಲೀಚ್ ಲೇಕಿನ ಓಜಿಬ್ವೆ ಅನ್ನೋ ಮೂಲನಿವಾಸಿ ಜನ ಕೆರೆಯಿಂದ ಕೈಯಲ್ಲೇ ಬಡಿದು ತಂದು ಹುರಿದ ವೈಲ್ಡ್ ರೈಸ್ ತಗೊಳ್ಳಿ, ಚೀಟಿ ಮೇಲೆ ಕೆರೆಯದು, ಕೈಯಲ್ಲಿ ಕೊಯ್ದಿದ್ದು ಅಂತ ಇರಬೇಕು. ಸೂಪರ್‌ಮಾರ್ಕೆಟ್ಟಲ್ಲಿ ಸಿಗೋ ಕರ್ರಗೆ ಹೊಳೆಯೋದು ಗದ್ದೇಲಿ ಬೆಳೆಸಿದ್ದು, ಎಷ್ಟು ಬೇಯಿಸಿದ್ರೂ ಗಟ್ಟಿ. ಕೆರೆಯದ್ದು ಕಂದು ಬಣ್ಣ, ಬೇಗ ಬೇಯತ್ತೆ, ತೆರೆದ ಪಾತ್ರೇಲಿ ಜಾಸ್ತಿ ನೀರಿಟ್ಟು ಕಾಳು ಬಿರಿಯೋ ತನಕ ಬೇಯಿಸಿ ಬಸಿದು, ಅರ್ಧ ಮಾಮೂಲಿ ಅನ್ನ ಬೆರೆಸಿ ಚಿತ್ರಾನ್ನದ ಒಗ್ಗರಣೆ ಕೊಡಿ, ಕಡ್ಲೆಬೀಜ ಸ್ವಲ್ಪ ಧಾರಾಳವಾಗಿ.