ಮೇನ್ ಥ್ರೆಡ್‌ಗೆ ಕೆಲಸ ಕಳಿಸುವುದು: ಕ್ಯೂ ನಿಮ್ಮದು, ಲೂಪ್ ಸಿಸ್ಟಮ್‌ನದು

ವರ್ಕರ್ ಥ್ರೆಡ್ (ಹಿನ್ನೆಲೆಯಲ್ಲಿ ಕೆಲಸ ಮಾಡುವ ಥ್ರೆಡ್) ಫೈಲ್ ಓದಿ ಮುಗಿಸಿದೆ, ಫಲಿತಾಂಶವನ್ನು ಪರದೆಯ ಮೇಲೆ ತೋರಿಸಬೇಕು. ಯುಐ (ಬಳಕೆದಾರನಿಗೆ ಕಾಣುವ ಪರದೆ) ಮುಟ್ಟುವ ಕೆಲಸ ಮೇನ್ ಥ್ರೆಡ್‌ನಲ್ಲೇ ಆಗಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ನಾಲ್ಕಕ್ಕೂ ಸಿ ಪ್ಲಸ್ ಪ್ಲಸ್ ಲೈಬ್ರರಿ ಬರೆಯುವಾಗ ಬಹಳ ಮಂದಿ ತಮ್ಮದೇ ಒಂದು ವೈಲ್ ಲೂಪ್ ಬರೆದು, ಅದರೊಳಗೆ ಸಿಸ್ಟಮ್ ಮೆಸೇಜ್‌ಗಳನ್ನೂ ತಮ್ಮ ಟಾಸ್ಕ್‌ಗಳನ್ನೂ ಸರದಿಯಂತೆ ನೋಡುತ್ತಾರೆ. ಅದು ಬೇಡ. ವಿಂಡೋಸ್‌ನಲ್ಲಿ ಬಳಕೆದಾರ ಟೈಟಲ್ ಬಾರ್ ಹಿಡಿದು ಎಳೆಯತೊಡಗಿದ ತಕ್ಷಣ ಸಿಸ್ಟಮ್ ತನ್ನದೇ ಮೋಡಲ್ ಲೂಪ್ (ಆ ಕೆಲಸ ಮುಗಿಯುವವರೆಗೆ ಮೆಸೇಜ್‌ಗಳನ್ನು ತಾನೇ ನೋಡಿಕೊಳ್ಳುವ ಒಳಲೂಪ್) ಓಡಿಸುತ್ತದೆ. ಕೈ ಬಿಡುವವರೆಗೆ ನಿಮ್ಮ ಲೂಪ್ ಒಂದು ಸುತ್ತೂ ತಿರುಗುವುದಿಲ್ಲ, ಟಾಸ್ಕ್‌ಗಳೆಲ್ಲ ನಿಂತುಹೋಗುತ್ತವೆ. ಆದ್ದರಿಂದ ಲೂಪ್ ಸಿಸ್ಟಮ್‌ನದೇ ಇರಲಿ. ನೀವು ಬರೆಯಬೇಕಾದದ್ದು ಎರಡೇ: ಒಂದು ಕ್ಯೂ, ಆ ಲೂಪನ್ನು ಎಬ್ಬಿಸುವ ಒಂದು ವೇಕ್ ಫಂಕ್ಷನ್.

ಕ್ಯೂ ಎಲ್ಲ ಕಡೆಯೂ ಒಂದೇ. ಒಂದು ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಲಾಕ್), ಒಂದು ಡೆಕ್ (ಎರಡೂ ತುದಿಯಿಂದ ಬಳಸಬಹುದಾದ ಪಟ್ಟಿ), ‘ಎಬ್ಬಿಸಲಾಗಿದೆ’ ಎಂಬ ಒಂದು ಬೂಲಿಯನ್ (ನಿಜ ಅಥವಾ ಸುಳ್ಳು ಎಂಬ ಮೌಲ್ಯ). ಪೋಸ್ಟ್ ಮಾಡುವಾಗ ಲಾಕ್ ಹಿಡಿದು ಟಾಸ್ಕ್ ಸೇರಿಸಿ. ಬೂಲಿಯನ್ ಸುಳ್ಳಾಗಿದ್ದರೆ ನಿಜ ಮಾಡಿ, ಲಾಕ್ ಬಿಟ್ಟ ಮೇಲೆ ವೇಕ್ ಕರೆಯಿರಿ. ಆಗಲೇ ನಿಜವಾಗಿದ್ದರೆ ಏನೂ ಮಾಡಬೇಡಿ. ವಿಂಡೋಸ್‌ನ ಮೆಸೇಜ್ ಕ್ಯೂಗೆ ಡೀಫಾಲ್ಟ್ ಮಿತಿ 10,000. ಟಾಸ್ಕ್‌ಗೊಂದು ಮೆಸೇಜ್ ಕಳಿಸುತ್ತ ಹೋದರೆ, ಮೇನ್ ಥ್ರೆಡ್ ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಂಡಾಗ ಈ ಮಿತಿ ತುಂಬಿ, ಮೆಸೇಜ್ ಕಳಿಸುವ ಪೋಸ್ಟ್‌ಮೆಸೇಜ್ ಫಂಕ್ಷನ್ ವಿಫಲವಾಗುತ್ತದೆ. ಹಿಂತಿರುಗಿದ ಮೌಲ್ಯ ನೋಡದಿದ್ದರೆ ಟಾಸ್ಕ್ ಕಳೆದುಹೋದದ್ದೂ ತಿಳಿಯುವುದಿಲ್ಲ.

ಮೇನ್ ಥ್ರೆಡ್ ಎದ್ದಾಗ ಮೊದಲ ಕೆಲಸ, ಲಾಕ್ ಹಿಡಿದು ಬೂಲಿಯನ್ನನ್ನು ಸುಳ್ಳು ಮಾಡುವುದು. ಟಾಸ್ಕ್‌ಗಳು ಮುಗಿದ ಮೇಲೆ ಮಾಡೋಣ ಎಂದುಕೊಂಡರೆ ಕೆಟ್ಟಿತು: ಕೊನೆಯ ಟಾಸ್ಕ್ ತೆಗೆದ ನಂತರ, ಬೂಲಿಯನ್ ಬದಲಾಗುವ ಮೊದಲು ಯಾರಾದರೂ ಪೋಸ್ಟ್ ಮಾಡಿದರೆ ಅದಕ್ಕೆ ವೇಕ್ ಸಿಗುವುದಿಲ್ಲ. ಮುಂದಿನ ಪೋಸ್ಟ್ ಬರುವವರೆಗೆ ಅದು ಅಲ್ಲೇ ಕೊಳೆಯುತ್ತದೆ. ‘ಮೌಸ್ ಅಲ್ಲಾಡಿಸಿದರೆ ಸರಿಹೋಗುತ್ತದೆ’ ಎಂಬ ಮಾದರಿಯ ಬಗ್ ವರದಿ ಬಂದರೆ ಮೊದಲು ಇಲ್ಲಿ ಹುಡುಕಿ.

ಇಡೀ ಡೆಕ್ಕನ್ನು ಒಂದೇ ಸಲ ಸ್ವಾಪ್ ಮಾಡಿಕೊಳ್ಳುವ ಜನಪ್ರಿಯ ತಂತ್ರವನ್ನು ನಾವು ಶಿಫಾರಸು ಮಾಡುವುದಿಲ್ಲ. ಹಾಗೆ ತೆಗೆದ ಐವತ್ತು ಟಾಸ್ಕ್‌ಗಳಲ್ಲಿ ಮೂರನೆಯದು ಡೈಲಾಗ್ ತೆರೆಯಿತು ಎಂದಿಟ್ಟುಕೊಳ್ಳಿ. ಡೈಲಾಗ್‌ನ ಒಳಲೂಪ್ ಹೊಸ ಟಾಸ್ಕ್‌ಗಳನ್ನು ಓಡಿಸುತ್ತದೆ, ಹಳೆಯ ನಲವತ್ತೇಳು ಹೊರಗಿನ ಫಂಕ್ಷನ್‌ನ ಲೋಕಲ್ ವೇರಿಯಬಲ್‌ನಲ್ಲಿ ಬಂಧಿಯಾಗಿರುತ್ತವೆ. ಕ್ರಮವೂ ತಪ್ಪಿತು, ಕೆಲಸವೂ ನಿಂತಿತು. ಅದಕ್ಕೇ ಒಂದೊಂದಾಗಿ ತೆಗೆಯಿರಿ, ಪ್ರತಿ ಟಾಸ್ಕ್ ಓಡಿಸುವ ಮುನ್ನ ಲಾಕ್ ಬಿಡಿ. ಡೈಲಾಗ್ ತೆರೆಯುವ ಕೋಡ್ ಅದಕ್ಕೆ ಮುಂಚೆ ಒಮ್ಮೆ ವೇಕ್ ಕರೆಯಲಿ, ಉಳಿದ ಟಾಸ್ಕ್‌ಗಳು ಒಳಲೂಪ್‌ನಲ್ಲೇ ಮುಂದುವರಿಯುತ್ತವೆ. ಜೊತೆಗೆ ಸಮಯದ ಮಿತಿ ಇರಲಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅದರಲ್ಲಿ 4ರಿಂದ 6 ಬಳಸಿ ಲೂಪ್‌ಗೆ ಮರಳಿ.

ಇನ್ನು ವೇಕ್. ವಿಂಡೋಸ್‌ನಲ್ಲಿ ನೇರ ಥ್ರೆಡ್‌ಗೇ ಮೆಸೇಜ್ ಕಳಿಸುವ ಪೋಸ್ಟ್‌ಥ್ರೆಡ್‌ಮೆಸೇಜ್ ಬಳಸಬೇಡಿ: ಆ ಮೆಸೇಜ್‌ಗೆ ವಿಂಡೋ ಹ್ಯಾಂಡಲ್ (ಯಾವ ವಿಂಡೋಗೆ ಎಂಬ ಗುರುತು) ಇರುವುದಿಲ್ಲ, ಮೋಡಲ್ ಲೂಪ್ ಅದನ್ನು ಎತ್ತಿಕೊಂಡು ಡಿಸ್ಪ್ಯಾಚ್ ಮಾಡಿದರೆ ಯಾರಿಗೂ ತಲುಪದೆ ಬಿದ್ದುಹೋಗುತ್ತದೆ. ಮೇನ್ ಥ್ರೆಡ್‌ನಲ್ಲಿ ಮೆಸೇಜ್-ಓನ್ಲಿ ವಿಂಡೋ (ಪರದೆಯಲ್ಲಿ ಕಾಣದೆ ಮೆಸೇಜ್ ಮಾತ್ರ ಪಡೆಯುವ ವಿಂಡೋ) ಒಂದನ್ನು ಸೃಷ್ಟಿಸಿ, ಪೋಸ್ಟ್‌ಮೆಸೇಜ್‌ನಿಂದ ಅದಕ್ಕೆ ಕಳಿಸಿ. ಮೋಡಲ್ ಲೂಪ್ ಕೂಡ ಅದರ ವಿಂಡೋ ಪ್ರೊಸೀಜರ್ (ಮೆಸೇಜ್ ಸ್ವೀಕರಿಸುವ ಫಂಕ್ಷನ್) ಕರೆಯಲೇಬೇಕು. ಸಮಯದ ಮಿತಿ ಮುಗಿದಾಗ ಮಾತ್ರ ಇಲ್ಲಿ ಎಚ್ಚರ: ಪೋಸ್ಟ್ ಮಾಡಿದ ಮೆಸೇಜ್‌ಗಳು ಕೀಬೋರ್ಡ್, ಮೌಸ್ ಮೆಸೇಜ್‌ಗಳಿಗಿಂತ ಮೊದಲು ಬರುತ್ತವೆ. ಮತ್ತೆ ಮತ್ತೆ ನಿಮಗೇ ಪೋಸ್ಟ್ ಮಾಡಿಕೊಂಡರೆ ಟಾಸ್ಕ್ ಓಡುತ್ತಲೇ ಇರುತ್ತದೆ, ಬಳಕೆದಾರನ ಕ್ಲಿಕ್ ಮಾತ್ರ ಕಾಯುತ್ತದೆ. ಉಳಿದ ಟಾಸ್ಕ್‌ಗಳನ್ನು ಸೆಟ್‌ಟೈಮರ್‌ಗೆ ವಹಿಸಿ. ಅದರ ಕನಿಷ್ಠ ಅವಧಿ 10 ಮಿಲಿಸೆಕೆಂಡ್. ಮೊದಲು ಸುಳ್ಳು ಮಾಡಿದ್ದ ಬೂಲಿಯನ್ನನ್ನು ಮತ್ತೆ ನಿಜ ಮಾಡಿ, ಟೈಮರ್ ಬರುವವರೆಗೆ ಹಾಗೇ ಇರಲಿ, ಇಲ್ಲದಿದ್ದರೆ ಬೇರೆ ಥ್ರೆಡ್‌ನ ಪೋಸ್ಟ್ ಮತ್ತೆ ಮುಂದೆ ನುಗ್ಗುತ್ತದೆ.

ಮ್ಯಾಕ್‌ನಲ್ಲಿ ಸಿಸ್ಟಮ್‌ನ ಲೂಪ್ ಆದ ಸಿಎಫ್‌ರನ್‌ಲೂಪ್‌ಗೆ ವರ್ಷನ್ 0 ಸೋರ್ಸ್ (ನೀವೇ ಸಿಗ್ನಲ್ ಮಾಡಬೇಕಾದ ಸೋರ್ಸ್) ಸೇರಿಸಿ. ಸಿಗ್ನಲ್ ಮಾಡಿದರಷ್ಟೇ ಸಾಲದು, ರನ್‌ಲೂಪ್ ನಿದ್ರೆಯಲ್ಲಿದ್ದರೆ ಏಳುವುದಿಲ್ಲ. ಹಿಂದೆಯೇ ವೇಕ್‌ಅಪ್ ಕರೆಯಬೇಕು. ಸೋರ್ಸನ್ನು ಡೀಫಾಲ್ಟ್ ಮೋಡ್‌ಗೆ ಮಾತ್ರ ಸೇರಿಸಿದರೆ ಮೆನು ತೆರೆದಿರುವಾಗ ಟಾಸ್ಕ್ ಓಡದು, ಕಾಮನ್ ಮೋಡ್ಸ್‌ಗೆ ಸೇರಿಸಿ. ‘ಮೇನ್ ಥ್ರೆಡ್‌ಗೆಂದೇ ಸಿಸ್ಟಮ್ ಕೊಡುವ ಮೇನ್ ಡಿಸ್ಪ್ಯಾಚ್ ಕ್ಯೂ ಇದೆಯಲ್ಲ’ ಎನ್ನಬಹುದು. ಸರಳ ಆ್ಯಪ್‌ಗೆ ಅದು ಸಾಕು. ಆದರೆ ಆ ಕ್ಯೂನ ಬ್ಲಾಕ್ (ಟಾಸ್ಕ್) ಒಂದರೊಳಗೆ ಒಳಲೂಪ್ ಓಡುತ್ತಿದ್ದರೆ ಮುಂದಿನ ಬ್ಲಾಕ್‌ಗಳು ಅದು ಮುಗಿಯುವವರೆಗೆ ಕಾಯುತ್ತವೆ.

ಲಿನಕ್ಸ್‌ಗೂ ಆಂಡ್ರಾಯ್ಡ್‌ಗೂ ಒಂದೇ ಈವೆಂಟ್‌ಎಫ್‌ಡಿ (ಬರೆದರೆ ಲೂಪನ್ನು ಎಬ್ಬಿಸುವ, ಫೈಲ್‌ನಂಥ ಹಿಡಿಕೆ) ಸಾಕು. ನಾನ್‌ಬ್ಲಾಕಿಂಗ್ ಆಗಿ ತೆರೆದು, ವೇಕ್ ಮಾಡುವಾಗ 8 ಬೈಟ್ ಬರೆಯಿರಿ. ಲೂಪ್ ಎದ್ದು ಕರೆಯುವ ನಿಮ್ಮ ಕಾಲ್‌ಬ್ಯಾಕ್‌ನಲ್ಲಿ ಆ 8 ಬೈಟ್ ಓದದಿದ್ದರೆ ಲೂಪ್ ನಿದ್ರಿಸುವುದೇ ಇಲ್ಲ, ಒಂದು ಸಿಪಿಯು ಕೋರ್ ನೂರಕ್ಕೆ ನೂರು ಉರಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಅದನ್ನು ಮೇನ್ ಥ್ರೆಡ್‌ನ ಲೂಪ್ ಆದ ಎಲೂಪರ್‌ಗೆ ಸೇರಿಸಿ, ಕಾಲ್‌ಬ್ಯಾಕ್‌ನಿಂದ 1 ಹಿಂತಿರುಗಿಸಿ. 0 ಕೊಟ್ಟರೆ ನೋಂದಣಿಯೇ ರದ್ದಾಗುತ್ತದೆ. ಲಿನಕ್ಸ್‌ನ ಜಿಟಿಕೆ (ಯುಐ ಲೈಬ್ರರಿ) ಆ್ಯಪ್‌ನಲ್ಲಿ ಅದರ ಲೂಪ್ ನಡೆಸುವ ಜಿಲಿಬ್‌ಗೆ ಕೊಡುವಾಗ ಆದ್ಯತೆಯ ಸಂಖ್ಯೆ ಮುಖ್ಯ. ಸಂಖ್ಯೆ ಚಿಕ್ಕದಾದಷ್ಟೂ ಸರದಿ ಮೊದಲು. ಇನ್‌ಪುಟ್ 0, ಮರುಚಿತ್ರಣ 120, ಐಡಲ್ 200. ನೀವು 0 ಇಟ್ಟು ಟಾಸ್ಕ್ ಸುರಿದರೆ ಪರದೆ ಹೆಪ್ಪುಗಟ್ಟುತ್ತದೆ, 200 ಇಟ್ಟರೆ ಅನಿಮೇಶನ್ ನಡೆಯುವಾಗ ಟಾಸ್ಕ್ ಹಸಿದು ಕೂರುತ್ತದೆ. 120 ಇಡಿ, ಇಬ್ಬರಿಗೂ ಪಾಲು ಸಿಗುತ್ತದೆ.

ತಡವಾಗಿ ಓಡಬೇಕಾದ ಟಾಸ್ಕ್‌ಗಳಿಗೆ ಮೊನೊಟಾನಿಕ್ ಗಡಿಯಾರದ (ಎಂದೂ ಹಿಂದಕ್ಕೆ ಹೋಗದ ಗಡಿಯಾರ) ಸಮಯದಂತೆ ಜೋಡಿಸಿದ ಒಂದು ಹೀಪ್ (ಎಲ್ಲಕ್ಕಿಂತ ಮುಂಚಿನದು ಮೇಲಿರುವ ಪಟ್ಟಿ), ಎಲ್ಲಕ್ಕಿಂತ ಮುಂಚಿನದಕ್ಕೆ ಒಂದೇ ಸಿಸ್ಟಮ್ ಟೈಮರ್ ಸಾಕು.

ಮುಚ್ಚುವಾಗ ಮೊದಲು ಪೋಸ್ಟ್ ಬಾಗಿಲು ಹಾಕಿ: ಪೋಸ್ಟ್ ಫಂಕ್ಷನ್ ಸುಳ್ಳು ಹಿಂತಿರುಗಿಸಲಿ, ಕರೆದವರು ಅದನ್ನು ನೋಡಲಿ. ಆಮೇಲೆ ವರ್ಕರ್‌ಗಳನ್ನು ಜಾಯಿನ್ ಮಾಡಿ, ಅಂದರೆ ಅವು ಮುಗಿಯುವವರೆಗೆ ಕಾಯಿರಿ. ಮೇನ್ ಥ್ರೆಡ್‌ನ ಉತ್ತರಕ್ಕೆ ಕಾಯುತ್ತ ನಿಂತ ವರ್ಕರನ್ನು ಮೇನ್ ಥ್ರೆಡ್ ಜಾಯಿನ್ ಮಾಡಿದರೆ ಡೆಡ್‌ಲಾಕ್ (ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ನಿಲ್ಲುವುದು) ಖಚಿತ, ಹಾಗಾಗಿ ಟಾಸ್ಕ್ ಮುಗಿಯುವವರೆಗೆ ಕಾಯುವ ಪೋಸ್ಟ್ ಎಂಬುದನ್ನು ಎಪಿಐನಲ್ಲಿ ಕೊಡಲೇಬೇಡಿ. ಓಡದೆ ಉಳಿದ ಟಾಸ್ಕ್‌ಗಳನ್ನು ಮೇನ್ ಥ್ರೆಡ್‌ನಲ್ಲೇ, ಲಾಕ್ ಬಿಟ್ಟ ಮೇಲೆ ನಾಶಮಾಡಿ. ಅವು ಹಿಡಿದುಕೊಂಡ ಆಬ್ಜೆಕ್ಟ್‌ಗಳ ಡಿಸ್ಟ್ರಕ್ಟರ್ (ನಾಶವಾಗುವಾಗ ಓಡುವ ಕೋಡ್) ಮತ್ತೆ ಪೋಸ್ಟ್ ಕರೆಯಬಹುದು.

ಪರೀಕ್ಷೆಗೆ: ಪ್ರತಿ 100 ಮಿಲಿಸೆಕೆಂಡಿಗೆ ವರ್ಕರ್‌ನಿಂದ ಒಂದು ಎಣಿಕೆ ಪೋಸ್ಟ್ ಮಾಡಿ, ವಿಂಡೋಸ್‌ನಲ್ಲಿ ಟೈಟಲ್ ಬಾರ್ ಎಳೆದು ಹಿಡಿಯಿರಿ, ಮ್ಯಾಕ್‌ನಲ್ಲಿ ಮೆನು ತೆರೆದಿಡಿ. ಎಣಿಕೆ ನಿಲ್ಲಬಾರದು. ನಂತರ ಮೇನ್ ಥ್ರೆಡ್ಡನ್ನು 3 ಸೆಕೆಂಡ್ ತಡೆದು 20,000 ಟಾಸ್ಕ್ ಸುರಿಯಿರಿ. ಎಲ್ಲವೂ ಕ್ರಮವಾಗಿ ಓಡಬೇಕು, ತಡೆದಿದ್ದ ಹೊತ್ತಿನಲ್ಲಿ ಹೋದ ವೇಕ್ ಒಂದಕ್ಕಿಂತ ಹೆಚ್ಚಿರಬಾರದು.