ಚರ್ಮ ಸುಲಿದ ಕೋಳಿ ಫ್ರೀಜರ್‌ನಲ್ಲಿ ಒಣಗದ ಹಾಗೆ

ಕೊಡಗಿನ ಮಳೆಗಾಲದಲ್ಲಿ ನೀರು ಕಾಯಿಸಿ ಪುಕ್ಕ ಕೀಳುತ್ತಾ ಕೂರುವುದು ದೊಡ್ಡ ತಲೆನೋವು. ಹಾಗಾಗಿ ನಾವು ಮನೆಯಲ್ಲಿ ಕೊಯ್ದ ಕೋಳಿಯ ಚರ್ಮವನ್ನೇ ಸುಲಿಯುತ್ತೇವೆ. ಕಾಲಿನ ಗಂಟಿನ ಸುತ್ತ ಗೀರಿ, ಮೈ ಬಿಸಿ ಆರುವ ಮೊದಲೇ ಎಳೆದರೆ ಪುಕ್ಕದ ಸಮೇತ ಅಂಗಿ ಕಳಚಿದ ಹಾಗೆ ಬರುತ್ತದೆ. ರೆಕ್ಕೆಯ ತುದಿ ಮಾತ್ರ ಹಠ ಮಾಡುತ್ತದೆ. ಅದನ್ನು ಕತ್ತರಿಸಿ ಬಿಸಾಡಿ, ಸುಮ್ನೆ ಒದ್ದಾಡಬೇಡಿ.

ತೊಂದರೆ ಇದ್ದದ್ದು ಫ್ರೀಜರ್‌ನಲ್ಲಿ. ಎದೆಯ ಮೇಲೆ ಬಿಳಿ ಬಿಳಿ ಒಣ ಕಲೆ, ಬೇಯಿಸಿದರೆ ಬರೀ ನಾರು. ಚರ್ಮವಿಲ್ಲದ ಮಾಂಸದ ತೇವ ಬೇಗ ಹೋಗುತ್ತದೆ, ಅಲ್ವಾ?

ಈಗ ತೊಳೆದ ಕೋಳಿಯನ್ನು ಒತ್ತಿ ಒರೆಸಿ, ಮುಚ್ಚಿದ ಪಾತ್ರೆಯಲ್ಲಿ ಒಂದು ದಿನ ಫ್ರಿಜ್‌ನಲ್ಲಿ ಇಡುತ್ತೇನೆ. ಕೊಯ್ದ ಮೇಲೆ ಮಾಂಸ ಸೆಟೆದುಕೊಳ್ಳುತ್ತದೆ. ಅದು ಸಡಿಲವಾಗುವ ಮೊದಲೇ ಫ್ರೀಜರ್‌ಗೆ ಹಾಕಿದರೆ ಆಮೇಲೆ ಜಗಿಯಲಾಗುವುದಿಲ್ಲ. ಮರುದಿನ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿನ ಬಾಯಿ ಮಾತ್ರ ಮೇಲಿರುವಂತೆ ಬಕೆಟ್ ನೀರಿನಲ್ಲಿ ಮೆಲ್ಲಗೆ ಇಳಿಸುತ್ತೇನೆ. ನೀರಿನ ಒತ್ತಡಕ್ಕೆ ಗಾಳಿಯೆಲ್ಲ ಹೊರಗೆ ಹೋಗಿ ಪ್ಲಾಸ್ಟಿಕ್ ತೊಡೆ, ಎದೆಗೆಲ್ಲ ಗಪ್ಪನೆ ಅಂಟುತ್ತದೆ. ಅಲ್ಲೇ ಬಾಯಿ ತಿರುಚಿ ರಬ್ಬರ್ ಬ್ಯಾಂಡ್. ಮೇಲೊಂದು ಕವರ್, ಅದರ ಮೇಲೆ ತಾರೀಖು. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಕಲೆ ನಿಂತೇ ಹೋಯಿತು.

ಇನ್ನು ಕರೆಂಟ್ ಕತೆ. ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24. ಅದಕ್ಕೇ ಖಾಲಿ ಜಾಗಕ್ಕೆಲ್ಲ ಮುಕ್ಕಾಲು ನೀರು ತುಂಬಿದ ಬಾಟಲಿ ಇಟ್ಟಿದ್ದೇನೆ. ಮನೆಯವರು ಇಣುಕಿ ನೋಡದ ಹಾಗೆ ಕಾಯುವುದೇ ಜಾಸ್ತಿ ಕಷ್ಟ.