ಈ ಸಲ ನಮ್ಮ ಟೀಮು ಹೇಗುಂಟು?

ಜೂನ್ ಬಂತೆಂದರೆ ಚಾದ ಅಂಗಡಿಯಿಂದ ಹಿಡಿದು ಸ್ಟಾಫ್ ರೂಮಿನವರೆಗೆ ನಮ್ಮ ಶಾಲೆಯ ಫುಟ್‌ಬಾಲ್ ಟೀಮಿನ ಬಗ್ಗೆ ನನಗೆ ಬೀಳುವ ಪ್ರಶ್ನೆ ಒಂದೇ. "ಮಾಸ್ಟ್ರೇ, ಈ ಸಲ ಟೀಮು ಹೇಗುಂಟು?" ಮೊದಲೆಲ್ಲ ನಾನೂ ಹುರುಪಿನಲ್ಲಿ ಹೇಳಿಬಿಡುತ್ತಿದ್ದೆ. ಫಾರ್ವರ್ಡ್ ಭಯಂಕರ, ಗೋಲಿ (ಗೋಲ್ ಕೀಪರ್) ಬೆಕ್ಕಿನ ಹಾಗೆ ಹಾರುತ್ತಾನೆ, ಈ ಸಲ ಜಿಲ್ಲೆ ನಮ್ಮದೇ ಅಂತ. ಹಾಗೆ ಹೇಳಿದ ಎರಡು ವರ್ಷವೂ ತಾಲೂಕಿನ ಮೊದಲ ಮ್ಯಾಚಿಗೇ ಸೋತು ಬಂದೆವು. ಈಗ ಯಾರಾದರೂ ಕೇಳಿದರೆ ಬ್ಯಾಗಿನಿಂದ ನೂರು ಪುಟದ ನೋಟ್‌ಬುಕ್ ತೆಗೆಯುತ್ತೇನೆ. ಅದರಲ್ಲಿ ಗೋಲುಗಳ ಲೆಕ್ಕ ಇಲ್ಲ. ಯಾವ ಹುಡುಗ ಯಾವ ದಿನ ಪ್ರಾಕ್ಟೀಸಿಗೆ ಬಂದ, ಬರದಿದ್ದರೆ ಯಾಕೆ ಬರಲಿಲ್ಲ, ಅಷ್ಟೇ ಇದೆ.

ನಾನು ಮಂಗಳೂರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರು. 14 ವರ್ಷ ಆಯಿತು. ನಿಜ ಹೇಳಬೇಕೆಂದರೆ ನನ್ನ ಆಟ ಕಬಡ್ಡಿ, ಫುಟ್‌ಬಾಲ್ ಕಲಿತದ್ದು ಮಕ್ಕಳಿಂದಲೇ. ಅದಕ್ಕೇ ಇರಬೇಕು, ನನಗೆ ಆಟದ ತಂತ್ರಕ್ಕಿಂತ ಹಾಜರಿಯೇ ಮೊದಲು ಕಣ್ಣಿಗೆ ಬಿದ್ದದ್ದು.

ಬೇರೆ ಊರಿನವರಿಗೆ ನಮ್ಮ ಕಷ್ಟ ಬೇಗ ಅರ್ಥ ಆಗುವುದಿಲ್ಲ. ಶಾಲೆ ಶುರುವಾಗುವುದು ಮೇ ಕೊನೆಗೆ. ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ. ನಮ್ಮ ಮ್ಯಾಚುಗಳು ಬರುವುದು ಆ ಮಳೆಯ ನಡುವೆಯೇ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ, ಜುಲೈಯಲ್ಲಿ ಅಂತೂ ಕೇಳುವುದೇ ಬೇಡ. ಮಳೆ ಜೋರಾದರೆ ರಾತ್ರಿ ಡಿಸಿಯವರು ರಜೆ ಕೊಡುತ್ತಾರೆ. ಮಕ್ಕಳಿಗೆ ಹಬ್ಬ, ನನ್ನ ಪುಸ್ತಕದಲ್ಲಿ ಒಂದು ಖಾಲಿ ಸಾಲು. ಕಳೆದ ವರ್ಷ ಮೊದಲ ಮ್ಯಾಚಿನ ಹೊತ್ತಿಗೆ 34 ದಿನ ಪ್ರಾಕ್ಟೀಸ್ ಆಗಬೇಕಿತ್ತು. ಆದದ್ದು 19. ಅದರಲ್ಲೂ ಹನ್ನೊಂದು ಜನ ಪೂರ್ತಿ ಇದ್ದದ್ದು ಆರು ದಿನ! ಇಷ್ಟರಲ್ಲಿ ಎಂತ ಟೀಮು ಕಟ್ಟುವುದು ಮಾರಾಯ್ರೇ?

ಮೇಲಾಗಿ ಇದು ಲೀಗ್ ಅಲ್ಲ, ನಾಕೌಟ್. ಸುಬ್ರೊತೊ ಕಪ್ಪೇ ಇರಲಿ (1960ರಿಂದ ನಡೆಯುತ್ತಿರುವ, ವಾಯುಪಡೆಯವರು ನಡೆಸುವ ದೊಡ್ಡ ಶಾಲಾ ಟೂರ್ನಮೆಂಟ್), ಇಲಾಖೆಯ ಕ್ರೀಡಾಕೂಟವೇ ಇರಲಿ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಏಣಿ ಹತ್ತಬೇಕು, ಎಲ್ಲಿ ಸೋತೆವೋ ಅಲ್ಲಿಗೆ ವರ್ಷ ಮುಗಿಯಿತು. ಒಂದು ಕೆಟ್ಟ ದಿನಕ್ಕೆ ಇಲ್ಲಿ ಮಾಫಿ ಇಲ್ಲ.

ಇನ್ನು ಈ ಸಲದ ಹುಡುಗರು. ಹೋದ ವರ್ಷದ ಹನ್ನೊಂದರಲ್ಲಿ ಏಳು ಜನ ಎಸ್ಸೆಸ್ಸೆಲ್ಸಿ ಮುಗಿಸಿ ಹೋದರು. ಎಂಟನೆಯವನು ಶಾಲೆಯಲ್ಲೇ ಇದ್ದಾನೆ, ಆದರೆ ಆಡುವವನ ವಯಸ್ಸು ಹದಿನೇಳರ ಒಳಗಿರಬೇಕು, ಆ ಲೆಕ್ಕ ಹಿಡಿಯುವುದು ಜನವರಿ 1ರಿಂದ, ಇವನು ಹುಟ್ಟಿದ್ದು ಡಿಸೆಂಬರ್ 28ಕ್ಕೆ. ನಾಲ್ಕು ದಿನ! ಅವನಿಗೆ ನಾನೇ ಹೇಳಬೇಕಾಯಿತು. ಏನೂ ಮಾತಾಡಲಿಲ್ಲ, ಕೋನ್‌ಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ತಂದುಕೊಟ್ಟು ಹೋದ. ಈಗ ಅವನನ್ನೇ ಅಸಿಸ್ಟೆಂಟ್ ಮಾಡಿಕೊಂಡಿದ್ದೇನೆ. ಹಾಜರಿ ಬರೆಯುವವನೂ ಅವನೇ, ನನಗಿಂತ ಕಟ್ಟುನಿಟ್ಟು.

ಉಳಿದ ಹದಿನೆಂಟು ಜನರನ್ನು ನೋಡಿದರೆ ನನಗೆ ಮೂರು ನೆಲ ಕಾಣುತ್ತದೆ. ಹೀಗೆ ವಿಂಗಡಿಸುವುದು ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಗೊತ್ತಾದದ್ದು. ಒಂದು ಟರ್ಫಿನ ಹುಡುಗರು. ಕೃತಕ ಹುಲ್ಲಿನ ಮೇಲೆ ರಾತ್ರಿ ಲೈಟ್ ಹಾಕಿ ಐದೈದು ಜನ ಆಡುತ್ತಾರಲ್ವಾ, ಅಲ್ಲಿ ಬೆಳೆದವರು. ಬಾಲ್ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತದೆ, ಚಿಕ್ಕ ಜಾಗದಲ್ಲಿ ಮೂರು ಜನರನ್ನು ದಾಟಿಸುತ್ತಾರೆ. ಆದರೆ ಬಾಲ್ ಹೋಯಿತೆಂದರೆ ಸೊಂಟಕ್ಕೆ ಕೈ. ದೊಡ್ಡ ಗ್ರೌಂಡಿನಲ್ಲಿ ಹಿಂದೆ ಓಡಿ ಬರುವ ಅಭ್ಯಾಸವೇ ಇಲ್ಲ. ಎರಡನೆಯದು ಮುರಕಲ್ಲು ನೆಲದ ಹುಡುಗರು, ಶಾಲೆಯ ಕೆಂಪು ಗ್ರೌಂಡಿನಲ್ಲಿ ಮೊಣಕಾಲು ತರಚಿಕೊಂಡು ಕಲಿತವರು. ಗಟ್ಟಿ ಆಳುಗಳು, ಆದರೆ ಬೀಳುವುದಕ್ಕೆ ಹೆದರಿಕೆ. ಜಲ್ಲಿಯ ಮೇಲೆ ಒಮ್ಮೆ ಸ್ಲೈಡ್ ಮಾಡಿದವನು ಮತ್ತೆ ಮಾಡುವುದಿಲ್ಲ. ಮೂರನೆಯದು ಬೆಂಗ್ರೆಯ ಮರಳಿನ ಹುಡುಗರು.

ಬೆಂಗ್ರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಊರು. ಮೀನುಗಾರರ ಊರು, ಫುಟ್‌ಬಾಲಿನ ಊರು. ಮರಳಿನಲ್ಲಿ ಬಾಲ್ ಉರುಳುವುದಿಲ್ಲ, ಹಾಗಾಗಿ ಅಲ್ಲಿನ ಮಕ್ಕಳು ಸಣ್ಣವರಿರುವಾಗಲೇ ಬಾಲಿನ ಅಡಿಗೆ ಕಾಲು ಕೊಟ್ಟು ಎತ್ತಿ ಕೊಡುವುದನ್ನು ಕಲಿತಿರುತ್ತಾರೆ. ಮಳೆಯಲ್ಲಿ ನೆಹರೂ ಮೈದಾನದಲ್ಲಿ ಆಡಿದವರಿಗೆ ಇದರ ಬೆಲೆ ಗೊತ್ತು. ಟರ್ಫಿನ ಹುಡುಗ ಚಂದ ಮಾಡಿ ನೆಲದ ಪಾಸ್ ಕೊಡುತ್ತಾನೆ, ಅದು ನಡುದಾರಿಯಲ್ಲಿ ನೀರಿಗೆ ಸಿಕ್ಕಿ ಪಚಕ್ ಅಂತ ನಿಲ್ಲುತ್ತದೆ, ಎದುರಿನವನು ಬಂದು ತೆಗೆದುಕೊಂಡು ಹೋಗುತ್ತಾನೆ. ಬೆಂಗ್ರೆಯವನು ಅದೇ ನೀರಿನ ಮೇಲಿಂದ ಎತ್ತಿ ವಿಂಗಿಗೆ, ಅಂದರೆ ಗ್ರೌಂಡಿನ ಬದಿಗೆ, ಹಾಕುತ್ತಾನೆ.

ಆದರೆ ನೋಡಿ ತಮಾಷೆ. ಮಳೆಯಲ್ಲಿ ಆಡಬಲ್ಲ ಹುಡುಗರನ್ನೇ ಮಳೆ ತಡೆಯುವುದು. ಅವರು ದೋಣಿಯಲ್ಲಿ ನದಿ ದಾಟಿ ಬರಬೇಕು. ಗಾಳಿಮಳೆ ಜೋರಾದರೆ ಮನೆಯವರು ಕಳಿಸುವುದಿಲ್ಲ, ಕಳಿಸಬಾರದು ಕೂಡ. ರಸ್ತೆಯಲ್ಲಿ ಬರುತ್ತೇನೆಂದರೆ ತಣ್ಣೀರುಬಾವಿ ಕಡೆಯಿಂದ ಸುತ್ತು ಹೊಡೆಯಬೇಕು. ಹೋದ ವರ್ಷ ನಾನು ಪ್ರಾಕ್ಟೀಸನ್ನು ಆರು ಗಂಟೆವರೆಗೆ ಎಳೆಯುತ್ತಿದ್ದೆ. ಆ ಐದು ಹುಡುಗರು ಐದೂವರೆಗೆ ಮೆಲ್ಲ ಬ್ಯಾಗ್ ತೆಗೆದುಕೊಂಡು ಹೊರಡುತ್ತಿದ್ದರು, ನಾನು ಶಿಸ್ತಿಲ್ಲ ಅಂತ ಬೈಯುತ್ತಿದ್ದೆ. ಕತ್ತಲಾಗುವ ಮೊದಲು ದೋಣಿ ಹತ್ತಬೇಕು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರೂ ಹೇಳಲಿಲ್ಲ. ನೋಟ್‌ಬುಕ್ ಶುರುವಾದದ್ದು ಅದಾದ ಮೇಲೆ.

ಈ ಸಲ ಎರಡು ಬದಲಾವಣೆ ಮಾಡಿದೆ. ಪ್ರಾಕ್ಟೀಸ್ ನಾಲ್ಕೂಕಾಲಿಗೆ ಶುರು, ಐದೂಕಾಲಿಗೆ ಮುಗಿಯಿತು, ಯಾರು ಕೇಳಿದರೂ ಐದು ನಿಮಿಷ ಜಾಸ್ತಿ ಇಲ್ಲ. ಇನ್ನೊಂದು, ಹವಾಮಾನ ಸರಿ ಇದ್ದ ಭಾನುವಾರ ಬೆಳಿಗ್ಗೆ ನಾವೇ ಬಂದರಿನ ದಕ್ಕೆಯಿಂದ ದೋಣಿ ಹತ್ತಿ ಬೆಂಗ್ರೆಗೆ ಹೋಗುತ್ತೇವೆ. ಎಲ್ಲ ಮನೆಗಳಿಂದ ಒಪ್ಪಿಗೆ ಪತ್ರ ತೆಗೆದುಕೊಂಡಿದ್ದೇನೆ, ಅದಕ್ಕೆ ಹೆಡ್‌ಮಾಸ್ಟ್ರ ಹತ್ತಿರ ಮೂರು ಸಲ ನಿಲ್ಲಬೇಕಾಯಿತು. ಹೋದ ಮೇಲೆ ಗೊತ್ತಾಯಿತು, ಮರಳು ನೀರನ್ನು ಕುಡಿದುಬಿಡುತ್ತದೆ. ನಮ್ಮ ಶಾಲೆಯ ಗ್ರೌಂಡಿನಲ್ಲಿ ಮಳೆ ನಿಂತು ಎರಡು ದಿನವಾದರೂ ಗೋಲ್ ಪೋಸ್ಟಿನ ಎದುರು ಕೆರೆ, ಅಲ್ಲಿ ಅರ್ಧ ಗಂಟೆಗೆ ಆಡಬಹುದು. ಹದಿನಾಲ್ಕು ವರ್ಷ ಗ್ರೌಂಡ್ ಇಲ್ಲ ಗ್ರೌಂಡ್ ಇಲ್ಲ ಅಂತ ಅತ್ತದ್ದು ಸುಮ್ನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಹಾಗಾಗಿ ಅಪ್ಪಂದಿರು, ಮಾವಂದಿರು ಎಲ್ಲ ಊರಿನಲ್ಲೇ. ಕೊಡೆ ಹಿಡಿದು ಸುತ್ತ ನಿಲ್ಲುತ್ತಾರೆ. ಮೊದಲ ಭಾನುವಾರ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಮಾಸ್ಟ್ರೇ, ಬೇಜಾರು ಮಾಡಬೇಡಿ, ನಿಮ್ಮ ಟೌನಿನ ಮಕ್ಕಳು ಹಿಮ್ಮಡಿ ಊರಿ ಓಡ್ತಾರೆ, ಮರಳಲ್ಲಿ ಆಗ್ಲಿಕ್ಕಿಲ್ಲ" ಎಂದರು. ನಿಜ. ಎರಡು ವಾರ ಮೀನಖಂಡ ಹಿಡಿದುಕೊಂಡು ನರಳಿದ ನಮ್ಮ ಟರ್ಫಿನ ಹುಡುಗರು ಈಗ ಮುಂಗಾಲಲ್ಲಿ ಓಡುತ್ತಿದ್ದಾರೆ.

ಗೋಲಿಯ ವಿಷಯ ಹೇಳಲೇಬೇಕು. ಹೋದ ವರ್ಷ ನಾವು ಸೋತದ್ದು ಒಂದು ಪದಕ್ಕೆ. ನಮ್ಮ ಗೋಲಿ ತುಳು ಹುಡುಗ. ಸ್ಟಾಪರ್ (ಗೋಲಿಯ ಎದುರು ನಡುವಲ್ಲಿ ನಿಂತು ತಡೆಯುವವನು) ಬಾಗಲಕೋಟೆಯವನು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು, ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ಎತ್ತರದ ಬಾಲ್ ಬಂತು. ಗೋಲಿ ಮುಂದೆ ಓಡಿಬಂದು "ಬುಡ್ಲ! ಬುಡ್ಲ!" ಎಂದು ಕಿರುಚಿದ, ಬಿಡು ಅಂತ. ಇವನಿಗೆ ಏನೋ ಮಾಡು ಅಂದದ್ದು ಮಾತ್ರ ಗೊತ್ತಾಯಿತು. ಹಾರಿ ತಲೆ ಕೊಟ್ಟ. ಬಾಲ್ ಗೋಲಿಯ ತಲೆಯ ಮೇಲಿಂದ ನಮ್ಮದೇ ನೆಟ್ಟಿಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಟೀಮಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಉಂಟು, ಪ್ರಾಕ್ಟೀಸಿನಲ್ಲಿ ಒಬ್ಬೊಬ್ಬ ಒಂದೊಂದರಲ್ಲಿ ಕೂಗುತ್ತಿದ್ದ, ನನಗೆ ಅದು ಕೇಳಲಿಕ್ಕೆ ಖುಷಿಯಾಗಿತ್ತು, ಅಷ್ಟೇ. ಈಗ ನಾಲ್ಕೇ ಪದ: ಬಿಡು, ಹೊಡಿ, ತಿರುಗು, ಹಿಂದೆ. ಬೇರೆ ಏನು ಕೂಗಿದರೂ ಗ್ರೌಂಡಿಗೆ ಒಂದು ಸುತ್ತು. ಬಾಗಲಕೋಟೆಯವನು ಈ ಸಲ ಟೀಮಿನ ಅತಿ ಗಟ್ಟಿ ಆಟಗಾರ, ಪುಸ್ತಕದಲ್ಲಿ ಒಂದು ದಿನವೂ ತಪ್ಪಿಲ್ಲ. ತುಳುವೂ ಕಲಿತಿದ್ದಾನೆ, ಬೈಗುಳ ಮೊದಲು.

ಆ ಗೋಲಿ ಈಗ ಪಿಯುಸಿಗೆ ಹೋದ. ಹೊಸಬ ಒಂಬತ್ತನೆಯ ಕ್ಲಾಸು, ಉದ್ದ ಇದ್ದಾನೆ, ಆದರೆ ಬಾಲ್ ಹಿಡಿದರೆ ಮಗುವಿನ ಹಾಗೆ ಅಪ್ಪಿಕೊಂಡು ನಿಲ್ಲುತ್ತಾನೆ. 2025ರ ಜುಲೈಯಿಂದ ನಿಯಮ ಬದಲಾಗಿದೆ, ಗೋಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಬಾಲ್ ಹಿಡಿದಿಟ್ಟುಕೊಂಡರೆ ಎದುರಿನವರಿಗೆ ಕಾರ್ನರ್, ಅಂದರೆ ಮೂಲೆಯಿಂದ ಒದೆಯುವ ಅವಕಾಶ. ಅದಕ್ಕೆ ಮೊದಲು ಆರು ಸೆಕೆಂಡ್ ಅಂತ ಇತ್ತು, ಯಾರೂ ಎಣಿಸುತ್ತಿರಲಿಲ್ಲ. ಈಗ ರೆಫರಿ ಕೈ ಎತ್ತಿ ಕೊನೆಯ ಐದು ಸೆಕೆಂಡ್ ಬೆರಳಲ್ಲಿ ತೋರಿಸಬೇಕು. ಒದ್ದೆ ಬಾಲಿಗೆ ಕಾರ್ನರ್ ಕೊಡುವುದೆಂದರೆ ಅರ್ಧ ಗೋಲು ಕೊಟ್ಟ ಹಾಗೆ. ಹಾಗಾಗಿ ಅವನು ಬಾಲ್ ಹಿಡಿದ ಕೂಡಲೇ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಎಣಿಸುತ್ತಾರೆ. ಮೊದಲ ದಿನ ಹನ್ನೊಂದಕ್ಕೆ ಹೋಗುತ್ತಿತ್ತು, ಈಗ ಆರಕ್ಕೆ ಬಿಡುತ್ತಾನೆ.

ಪೆನಾಲ್ಟಿಯೂ ದಿನಾ ಹತ್ತು ನಿಮಿಷ. ಕೆಸರಿನಲ್ಲಿ ಗೋಲು ಕಡಿಮೆ, ಮ್ಯಾಚು ಶೂಟೌಟಿಗೆ ಹೋಗುವುದು ಜಾಸ್ತಿ. ಮಕ್ಕಳು ಒದೆಯುವ ಕಾಲನ್ನೇ ಯೋಚಿಸುತ್ತಾರೆ, ಜಾರುವುದು ಊರುವ ಕಾಲು. ನಾನು ಹೇಳಿಕೊಡುವುದು ಇಷ್ಟೇ: ದೂರದಿಂದ ಓಡಿ ಬರಬೇಡ, ಮೂರೇ ಹೆಜ್ಜೆ, ಊರುವ ಪಾದ ಪೂರ್ತಿ ನೆಲಕ್ಕೆ ಕೂತ ಮೇಲೆ ಒದೆ.

ಬೂಟಿನದ್ದು ಬೇರೆಯೇ ಕತೆ. ಹದಿನೆಂಟು ಜನಕ್ಕೆ ಹನ್ನೆರಡು ಜೊತೆ ಸ್ಟಡ್ಸ್. ಮಳೆಗಾಲದಲ್ಲಿ ಒಮ್ಮೆ ಒದ್ದೆಯಾದದ್ದು ಒಣಗುವುದೇ ಇಲ್ಲ, ಮೂರನೇ ದಿನಕ್ಕೆ ನಾತ. ಒಳಗೆ ಪೇಪರ್ ತುರುಕಿ ಬಿಸಿಯೂಟದ ಅಡುಗೆಕೋಣೆಯ ಹಿಂದಿನ ಗೋಡೆಗೆ ಸಾಲಾಗಿ ಇಡುತ್ತೇವೆ, ಅಲ್ಲಿ ಬೆಚ್ಚಗಿರುತ್ತದೆ. ಅಡುಗೆಯ ಅಕ್ಕ ನನಗೆ ಕೇಳುವ ಹಾಗೆಯೇ ಬೈಯುತ್ತಾರೆ, ಆದರೆ ಮಧ್ಯಾಹ್ನ ಬೂಟುಗಳನ್ನು ತಿರುಗಿಸಿ ಇಡುವವರೂ ಅವರೇ. ಕಾಲಿಗೆ ಗಾಯ ಇದ್ದವನನ್ನು ಮಾತ್ರ ನಾನು ನೀರಿಗೆ ಇಳಿಸುವುದಿಲ್ಲ, ಇಲಿಜ್ವರದ ಹೆದರಿಕೆ. ಹೋದ ವರ್ಷ ಡೆಂಗಿ ಬಂದು ಒಬ್ಬ ಫಾರ್ವರ್ಡ್ ಮೂರು ವಾರ ಮಲಗಿದ್ದ, ಅದು ಸಾಕು.

ಹಾಗಾದರೆ ಟೀಮು ಹೇಗುಂಟು? ಇವತ್ತಿನವರೆಗೆ 13 ದಿನದಲ್ಲಿ 11 ದಿನ ಪ್ರಾಕ್ಟೀಸ್ ಆಗಿದೆ, ಬೆಂಗ್ರೆಯ ಐವರಲ್ಲಿ ನಾಲ್ವರು ಹತ್ತು ದಿನ ಬಂದಿದ್ದಾರೆ. ತಾಲೂಕು ದಾಟುತ್ತೇವೆ ಅಂತ ಧೈರ್ಯವಾಗಿ ಹೇಳುತ್ತೇನೆ. ಜಿಲ್ಲೆಯಲ್ಲಿ ಸೆಮಿಫೈನಲ್‌ವರೆಗೆ, ಗೋಲಿ ಹೆದರದಿದ್ದರೆ. ಅದಕ್ಕಿಂತ ಮೇಲೆ ಹೋಗುವಷ್ಟು ಫಾರ್ವರ್ಡ್ ಲೈನ್ ನಮ್ಮಲ್ಲಿಲ್ಲ, ಗೋಲು ಹೊಡೆಯುವವನು ಒಬ್ಬನೇ, ಅವನಿಗೆ ಇಬ್ಬರನ್ನು ಅಂಟಿಸಿದರೆ ಮುಗಿಯಿತು. ಹತ್ತನೇ ಕ್ಲಾಸಿನ ಇಬ್ಬರ ಮನೆಯಲ್ಲಿ ಟ್ಯೂಷನ್ ಮಾತು ಶುರುವಾಗಿದೆ. ಒಬ್ಬನ ಅಮ್ಮನನ್ನು ಶನಿವಾರ ಹೋಗಿ ಕಾಣಬೇಕು, ನಾಲ್ಕೂಕಾಲರಿಂದ ಐದೂಕಾಲು, ಒಂದೇ ಗಂಟೆ ಕೊಡಿ ಅಕ್ಕ ಅಂತ ಕೇಳಬೇಕು.

ಹಿಂದೆ ಬಲಗಡೆ ಕಾಯುವ ರೈಟ್ ಬ್ಯಾಕ್ ಇನ್ನೂ ಸಿಕ್ಕಿಲ್ಲ. ಎಂಟನೇ ಕ್ಲಾಸಿನ ಒಬ್ಬ ಸಣ್ಣ ಹುಡುಗ ಇದ್ದಾನೆ, ಬೂಟು ಎರಡು ಸೈಜ್ ದೊಡ್ಡದು, ಮುಂದೆ ಹತ್ತಿ ತುಂಬಿಕೊಂಡು ಆಡುತ್ತಾನೆ. ಭಾನುವಾರ ಮರಳಲ್ಲಿ ಇಳಿಸಿ ನೋಡುತ್ತೇನೆ.